ತನ್ನದೇ ಮನೆಗೆ ಬಾಡಿಗೆ

ಪಾವ್ಲೀನಾ ಬೆಕ್ಕಿನ ಜೊತೆ ಮಾತಾಡುತ್ತಿದ್ದಾಳೆಂದರೆ ಅದು ಕೆಳಮನೆಯ ಝಿವ್ಕಾಗೆ ಮುಟ್ಟಬೇಕಾದ ಮಾತು ಎಂದು ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನೋಡೋ ಮರಿ, ಕೆಲವ್ರಿಗೆ ಮೆಣಸಿನಕಾಯಿ ಸುಡೋದು ಅಂದ್ರೆ ಊರಿಗೆಲ್ಲ ಹೊಗೆ ಹಾಕೋದು ಅಂತ," ಎಂದಳು ಮೇಲಿನ ಬಾಲ್ಕನಿಯಿಂದ. "ನಿನ್ನ ಮೂಗು ಉರೀತಿದ್ಯಾ? ನಂದೂ ಉರೀತಿದೆ."

ಝಿವ್ಕಾ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು, ಕರೆಂಟಿನ ಒಲೆಯ ಬಾಯಿಗೆ ಒಂದೊಂದೇ ಕೆಂಪು ಮೆಣಸಿನಕಾಯಿ ಇಳಿಬಿಡುತ್ತಿದ್ದಳು. ಸೆಪ್ಟೆಂಬರಿನಲ್ಲಿ ಡ್ಯಾನ್ಯೂಬ್ ದಂಡೆಯ ಸ್ವಿಷ್ಟೋವ್ ಊರಿನ ಅಂಗಳಗಳಲ್ಲೆಲ್ಲ ಇದೇ ವಾಸನೆ. ಅವಳು ತಲೆ ಎತ್ತಲಿಲ್ಲ. ಅವಳೂ ಬೆಕ್ಕಿಗೇ ಹೇಳಿದಳು.

"ಮೂಗು ಉರಿಯೋರು ಕಿಟಕಿ ಮುಚ್ಕೋಬಹುದು ಅಂತ ಹೇಳು. ಹೋದ ವಾರ ಅವರ ಹೊಗೆ ನಾನೂ ಕುಡಿದಿದೀನಿ."

ಬೆಕ್ಕು ಇಬ್ಬರದೂ ಅಲ್ಲ. ಮೇಲೂ ತಿನ್ನುತ್ತಿತ್ತು, ಕೆಳಗೂ ತಿನ್ನುತ್ತಿತ್ತು.

ಅತ್ತಿಗೆ ನಾದಿನಿ ನೇರವಾಗಿ ಮಾತಾಡಿ ನಾಲ್ಕೂವರೆ ವರ್ಷವಾಗಿತ್ತು. ಝಿವ್ಕಾಳ ಗಂಡ ಮಾನೋಲ್ ಪ್ಲೆವೆನ್ನಿನ ಆಸ್ಪತ್ರೆಯಲ್ಲಿ ಒಂದು ಮಾರ್ಚ್ ತಿಂಗಳ ಬೆಳಗ್ಗೆ ಆರಕ್ಕೆ ತೀರಿಕೊಂಡ. ಅವನ ಅಕ್ಕ ಪಾವ್ಲೀನಾಗೆ ಝಿವ್ಕಾ ಫೋನು ಮಾಡಿದ್ದು ಮಧ್ಯಾಹ್ನ ಎರಡಕ್ಕೆ. ನಡುವಿನ ಎಂಟು ಗಂಟೆ ಅವಳು ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದಳು. ಯಾಕೆ ಕೂತಿದ್ದಳೆಂದು ಯಾರಿಗೂ ಹೇಳಿರಲಿಲ್ಲ. ಹೇಳಲು ಅಲ್ಲಿ ಏನೂ ಇರಲಿಲ್ಲ. ಒಬ್ಬರಿಗೆ ಹೇಳಿಬಿಟ್ಟರೆ ಅದು ಆಗಿಹೋದ ಹಾಗೆ ಎಂದು ಅನ್ನಿಸಿತ್ತು, ಅಷ್ಟೆ.

ಮಣ್ಣು ಮಾಡುವ ದಿನ ಪಾವ್ಲೀನಾ ಪಾದ್ರಿಯ ಮುಂದೆ, ನೆಂಟರ ಮುಂದೆ ಹೇಳಿದ್ದಳು: "ನನ್ನ ತಮ್ಮ ಸತ್ತು ಬಿದ್ದಿದ್ದಾಗ ನಾನು ಅವನ ಅಂಗಿಗೆ ಇಸ್ತ್ರಿ ಹಾಕ್ತಾ ಹಾಡು ಹೇಳ್ಕೋತಾ ಇದ್ದೆ ಕಣೇ. ಎಂಟು ಗಂಟೆ ನನ್ನ ಹಾಡಿಸಿದೆಯಲ್ಲೇ ನೀನು." ಅವಳು ಝಿವ್ಕಾಳ ಮುಖಕ್ಕೆ ಹೇಳಿದ ಕೊನೆಯ ಮಾತು ಅದು.

ಅದಕ್ಕೆ ಮೊದಲೇ ಇನ್ನೊಂದು ಮುಳ್ಳಿತ್ತು. ಮನೆ ಅವರ ತಂದೆಯದು. ಮೇಲು ಮಗಳಿಗೆ, ಕೆಳಗು ಮಗನಿಗೆ ಎಂದು ಬಾಯಲ್ಲಿ ಹಂಚಿ, ಪತ್ರದಲ್ಲಿ ಅರ್ಧರ್ಧ ಬರೆದು ಹೋಗಿದ್ದ. ಮಾನೋಲ್ ಬದುಕಿದ್ದಾಗಲೇ ತನ್ನ ಅರ್ಧವನ್ನು ಹೆಂಡತಿಯ ಹೆಸರಿಗೆ ಮಾಡಿದ. ಮಕ್ಕಳಿರಲಿಲ್ಲ. ಅಪ್ಪ ಕಟ್ಟಿದ ಗೋಡೆ ಹೊರಗಿನವಳ ಪಾಲಾಯಿತು ಎಂದು ಪಾವ್ಲೀನಾ ಬೆಕ್ಕಿಗೆ ಎಷ್ಟು ಸಲ ಹೇಳಿದ್ದಳೋ.

ಬೀದಿಯವರು ಈ ಜಗಳವನ್ನು ಹೆಬ್ಬಾಗಿಲಲ್ಲೇ ಓದಬಹುದಿತ್ತು. ಮನೆಯಲ್ಲಿ ಸಾವಾದರೆ ಸತ್ತವರ ಫೋಟೋ, ಹೆಸರು, ಎರಡು ಸಾಲು ದುಃಖ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸುತ್ತಾರೆ. ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ವರ್ಷಕ್ಕೊಂದು. ಅಂಟಿಸಿದ್ದನ್ನು ಯಾರೂ ಕೀಳುವುದಿಲ್ಲ. ಬಿಸಿಲು, ಗಾಳಿ, ಮಳೆ ತಾವಾಗಿ ತೆಗೆಯಬೇಕು. ಈ ಮನೆಯ ಹೆಬ್ಬಾಗಿಲಿಗೆ ಒಬ್ಬನೇ ಸತ್ತವನ ಎರಡು ಹಾಳೆ. ಎಡ ಕದದ ಮೇಲೆ ಹೆಂಡತಿ ಹಾಕಿಸಿದ್ದು: ಕನ್ನಡಕದ, ಬೋಳು ಹಣೆಯ, ಅರವತ್ತರ ಮಾನೋಲ್. ಬಲ ಕದದ ಮೇಲೆ ಅಕ್ಕ ಹಾಕಿಸಿದ್ದು: ಮೂವತ್ತರ ಮಾನೋಲ್, ತೊಡೆಯ ಮೇಲೆ ಅಕಾರ್ಡಿಯನ್, ಬಾಯ್ತುಂಬ ನಗು. ಒಂದರಲ್ಲಿ "ದುಃಖತಪ್ತ ಪತ್ನಿ", ಇನ್ನೊಂದರಲ್ಲಿ "ಮರೆಯದ ಸಹೋದರಿ". ಅಪ್ಪ ಮಗ ಇಬ್ಬರೂ ಸತ್ತರಾ ಎಂದು ಹೊಸ ಅಂಚೆಯವಳು ಕೇಳಿದ್ದಳಂತೆ.

ಇಂಥ ಮನೆಗೆ ಕಿಸ್ಯೋವ್ ಎಂಬಾತ ಗಿರಾಕಿಯಾಗಿ ಬಂದ. ರೂಸೆ ಊರಿನವನು, ನಲವತ್ತರ ಆಸುಪಾಸು, ಮೆತ್ತಗಿನ ದನಿ. ಬಾಲ್ಕನಿಯಿಂದ ಡ್ಯಾನ್ಯೂಬ್ ಕಾಣುವ ಮನೆಗಳನ್ನು ಒಂದೊಂದಾಗಿ ಕೊಳ್ಳುತ್ತಿದ್ದ. ಅರ್ಧ ಬೇಡ, ಇಡೀ ಮನೆ ಬೇಕು ಅಂದ. ಮುಂದೆ ಎಂದೋ ಹಡಗಿನಲ್ಲಿ ಬರುವ ಪ್ರವಾಸಿಗಳಿಗೆ ವಸತಿಗೃಹ ಮಾಡುತ್ತಾನಂತೆ. ಅಲ್ಲಿಯವರೆಗೆ ಖಾಲಿ ಬಿಡುವ ಮನಸ್ಸಿಲ್ಲ.

"ನೀವು ಎಲ್ಲಿಗೂ ಹೋಗೋದು ಬೇಡ ಚಿಕ್ಕಮ್ಮ," ಎಂದಿದ್ದ ಝಿವ್ಕಾಳ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ. "ಮಾರಿ, ದುಡ್ಡು ಕೈಗೆ ತಗೊಳ್ಳಿ, ಇಲ್ಲೇ ಇರಿ. ಐದು ವರ್ಷಕ್ಕೆ ಬಾಡಿಗೆ ಕರಾರು ಮಾಡ್ಕೊಳ್ಳೋಣ. ಇದೇ ಕುರ್ಚಿ, ಇದೇ ಒಲೆ. ಕಾಗದದಲ್ಲಿ ಹೆಸರು ಮಾತ್ರ ಬೇರೆ."

"ಮೇಲಿನವ್ರು?"

"ಅವರು ವಾರ್ನಾಗೆ, ಚಿಕ್ಕಪ್ಪನ ಮಗಳ ಹತ್ರ ಹೋಗ್ತಾರಂತೆ. ಸಮುದ್ರದ ಗಾಳಿ ಬೇಕಂತೆ."

ಝಿವ್ಕಾ ಎದ್ದು ಒಲೆಯ ಕಡೆ ತಿರುಗಿದಳು, ಮುಖ ಕಾಣಬಾರದೆಂದು. ಪಾವ್ಲೀನಾ ಇಲ್ಲದ ಮನೆ. ಬೆಳಗ್ಗೆ ಐದಕ್ಕೆ ತಲೆಯ ಮೇಲೆ ಮರದ ಚಪ್ಪಲಿಯ ಸದ್ದಿಲ್ಲ. ಅಂಗಳದಲ್ಲಿ ಒಣಹಾಕಿದ ಹಾಸಿಗೆ ವಸ್ತ್ರದ ಮೇಲೆ ಕಂಬಳಿ ಕೊಡಹುವವರಿಲ್ಲ. ದುಡ್ಡಿನ ಲೆಕ್ಕವನ್ನೂ ಅವಳು ಹಾಕಿದಳು. ತನ್ನ ಪಾಲು ನಲವತ್ತೈದು ಸಾವಿರ ಲೆವಾ, ಐದು ವರ್ಷದ ಬಾಡಿಗೆ ಹದಿನೈದು. ಆದರೆ ಆ ಲೆಕ್ಕ ಅವಳನ್ನು ಅಷ್ಟಾಗಿ ಎಳೆಯಲಿಲ್ಲ. ಎಳೆದದ್ದು ಮೇಲಿನ ಮೌನ.

"ಏನಾದ್ರೂ ರಿಪೇರಿ, ಬದಲಾವಣೆ ಬೇಕಿದ್ರೆ ಈಗ್ಲೇ ಹೇಳ್ಬಿಡಿ," ಎಂದ ಕಿಸ್ಯೋವ್. "ನಾನು ಕೇಳಿದ್ದನ್ನ ಮಾಡಿಕೊಡೋ ಮನುಷ್ಯ."

"ಬಾಗಿಲ ಮೇಲೆ ಅಕಾರ್ಡಿಯನ್ ಹಿಡಿದ ಹಾಳೆ ಇದ್ಯಲ್ಲ," ಎಂದಳು ಝಿವ್ಕಾ. ಮಾತು ಹೇಗೆ ಬಂತೋ. "ಅದು ಹೋದ್ರೆ ಸಾಕು ನಂಗೆ. ದಿನಾ ಅದರ ಮುಂದೆ ಹಾಯ್ದು ಹೋಗ್ಬೇಕು. ನಾನು ನೋಡೇ ಇಲ್ಲದ ವಯಸ್ಸು ಅದು. ಬೇಕಂತಲೇ ಹಾಕಿದಾಳೆ."

ಕಿಸ್ಯೋವ್ ನಕ್ಕ. ಅವಳೂ ಸ್ವಲ್ಪ ನಕ್ಕಳು.

ಆಮೇಲಿನ ಹತ್ತು ದಿನ ಅವಳು ಮನೆಯೊಳಗೆ ಬಾಡಿಗೆಯವಳಂತೆ ಇದ್ದು ನೋಡಿದಳು. ಯಾರಿಗೂ ಹೇಳದೆ ಆಡಿದ ಆಟ. ಕನ್ನಡಿ ತೂಗುಹಾಕಲು ಗೋಡೆಗೆ ಮೊಳೆ ಹೊಡೆಯಬೇಕೆನಿಸಿದಾಗ ಸುತ್ತಿಗೆ ಕೆಳಗಿಟ್ಟು, ಕೇಳಬೇಕಲ್ಲ, ಅಂದುಕೊಂಡಳು. ಅಂಗಳದ ಕ್ವಿನ್ಸ್ ಮರ ಯಾರದು? ಹಣ್ಣು ಯಾರದು? ಉದುರಿದ್ದು ಬಾಡಿಗೆಯವಳಿಗೆ, ಕೊಂಬೆಯಲ್ಲಿರುವುದು ಒಡೆಯನಿಗೆ ಎಂದು ಬರೆದಿರುತ್ತಾರೋ ಏನೋ. ಕೆಲಸಕ್ಕೆ ಹೋಗುತ್ತಿದ್ದ ವಿದ್ಯಾರ್ಥಿನಿಲಯದ ಲಾಂಡ್ರಿಯಲ್ಲಿ ಹಾಸಿಗೆ ವಸ್ತ್ರ ಮಡಿಸುವಾಗಲೂ ಇದೇ. ಈ ವಸ್ತ್ರಗಳ ಮೇಲೆ ಎಷ್ಟೋ ಜನ ಮಲಗಿ ಎದ್ದು ಹೋಗುತ್ತಾರೆ, ಯಾರಿಗೂ ಅದು ತನ್ನದು ಅನ್ನಿಸುವುದಿಲ್ಲ, ನಿದ್ದೆಯೇನೂ ಕಡಿಮೆಯಾಗುವುದಿಲ್ಲ. ಹಾಗೆ ಇರಬಹುದು. ಐದು ವರ್ಷ ಕಳೆದ ಮೇಲೆ? ಆಗ ಅರವತ್ತನಾಲ್ಕು. ಆಗಿನದು ಆಗ. ಮಾನೋಲ್ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಕೇಳಿಕೊಂಡಳು. ಅವನು ಏನೂ ಅನ್ನುತ್ತಿರಲಿಲ್ಲ, ಅಕ್ಕ ಹೆಂಡತಿಯ ನಡುವೆ ಅವನು ಯಾವತ್ತೂ ಏನೂ ಅಂದವನಲ್ಲ, ವೈನ್ ಪೀಪಾಯಿ ನೋಡುವ ನೆಪದಲ್ಲಿ ನೆಲಮಾಳಿಗೆಗೆ ಇಳಿದುಬಿಡುತ್ತಿದ್ದ. ಆ ಸಿಟ್ಟೂ ಅವಳಲ್ಲಿ ಇನ್ನೂ ಇತ್ತು. ಸತ್ತವನ ಮೇಲೆ ಸಿಟ್ಟು ಮಾಡಿದರೆ ಎಲ್ಲಿ ಇಡುವುದೆಂದು ತಿಳಿಯದೆ ಅದನ್ನು ಮೇಲಿನವಳ ಲೆಕ್ಕಕ್ಕೆ ಸೇರಿಸಿದ್ದಳು.

ಒಂಬತ್ತನೆಯ ದಿನ ಫೋನು ಮಾಡಿ ಒಪ್ಪಿಗೆ ಅಂದಳು. ಸೋಮವಾರ ಹತ್ತಕ್ಕೆ ನೋಟರಿಯ ಮುಂದೆ ಸಹಿ ಎಂದು ಗೊತ್ತಾಯಿತು. ಶನಿವಾರ ಮಧ್ಯಾಹ್ನ ಬಾಡಿಗೆ ಕರಾರು ತಂದು ತೋರಿಸುತ್ತೇನೆ ಅಂದ ಕಿಸ್ಯೋವ್.

ಶನಿವಾರ ಬೆಳಗ್ಗೆ ಬ್ರೆಡ್ ತರಲು ಹೋದವಳು ಎಂಟಕ್ಕೆ ಹಿಂದಿರುಗಿದಾಗ ಹೆಬ್ಬಾಗಿಲ ಬಲ ಕದ ಖಾಲಿ ಇತ್ತು.

ಹರಿದದ್ದಲ್ಲ. ನೀಟಾಗಿ ತೊಳೆದದ್ದು. ಅಂಟಿನ ಗುರುತೂ ಉಳಿಯದ ಹಾಗೆ ಮರ ಒದ್ದೆಯಾಗಿ ಹೊಳೆಯುತ್ತಿತ್ತು, ವಿನಿಗರ್ ವಾಸನೆ. ನಾಲ್ಕು ವರ್ಷದ ಹಾಳೆಗಳು ಒಂದರ ಮೇಲೊಂದು ಕೂತು ದಪ್ಪ ರಟ್ಟಿನಂತಾಗಿದ್ದವು. ಅಷ್ಟೂ ಇಲ್ಲ. ಎಡ ಕದದ ಮೇಲೆ ಕನ್ನಡಕದ ಮಾನೋಲ್ ಒಬ್ಬನೇ, ಪಕ್ಕದ ಖಾಲಿ ಜಾಗದ ಕಡೆ ನೋಡಲಾರದವನಂತೆ ನೇರ ನೋಡುತ್ತಿದ್ದ.

ಝಿವ್ಕಾ ಬ್ರೆಡ್ಡನ್ನು ಎದೆಗೊತ್ತಿಕೊಂಡು ನಿಂತಳು. ಸಂತೋಷವಾಗಬೇಕಿತ್ತು. ಒಂದು ಕ್ಷಣ ಆಗಿಯೂ ಇತ್ತು. ಅದೇ ಅವಳಿಗೆ ಆಮೇಲೆ ಮರೆಯಲಾಗದೆ ಉಳಿದದ್ದು.

ಹಿಂದಿನಿಂದ ಮರದ ಚಪ್ಪಲಿಯ ಸದ್ದು. ಪಾವ್ಲೀನಾ ಅಂಗಳ ದಾಟಿ ಬೀದಿಗೆ ಬಂದಳು, ಕದದ ಮುಂದೆ ನಿಂತಳು, ಅಂಗೈಯಿಂದ ಒದ್ದೆ ಮರವನ್ನು ಸವರಿದಳು. ಮೂಸಿದಳು. ಆಮೇಲೆ ಬೀದಿಗೆ ತಿರುಗಿ ಕೂಗತೊಡಗಿದಳು. ಈ ಸಲ ಬೆಕ್ಕಿರಲಿಲ್ಲ.

"ಬನ್ರೋ, ಎಲ್ಲಾ ಬಂದು ನೋಡಿ! ಸತ್ತವನ ಮುಖ ಕಿತ್ತಿದಾಳೆ! ಬಿಸಿನೀರು ಹಾಕಿ ತೊಳೆದಿದಾಳೆ, ಎಣ್ಣೆ ಜಿಡ್ಡು ತೊಳೆಯೋ ಹಾಗೆ! ನಲವತ್ತೊಂದು ವರ್ಷ ಆ ರೈಲ್ವೆ ಕಿಟಕೀಲಿ ಕೂತು ಟಿಕೆಟ್ ಕೊಟ್ಟೆ, ಕಳ್ಳರನ್ನ ಕಂಡೆ, ಕುಡುಕರನ್ನ ಕಂಡೆ, ಇಂಥದ್ದು ಕಾಣಲಿಲ್ಲ!"

ಎದುರು ಮನೆಯ ಕಿಟಕಿ ತೆರೆಯಿತು. ಬೇಕರಿಯಿಂದ ಬರುತ್ತಿದ್ದ ಇಬ್ಬರು ನಿಂತರು. ಒಬ್ಬಾಕೆ ಶಿಲುಬೆ ಬರೆದುಕೊಂಡಳು.

"ನಾನಲ್ಲ" ಎಂದು ಝಿವ್ಕಾ ಹೇಳಬಹುದಿತ್ತು. ಹೇಳಿದರೆ ಸುಳ್ಳೇನೂ ಆಗುತ್ತಿರಲಿಲ್ಲ. ಆದರೆ ಅವಳು ಜನರ ನಡುವೆ ಹಾಯ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊರಗೆ ಕೂಗು ಬಹಳ ಹೊತ್ತು ನಡೆಯಿತು. ಆಮೇಲೆ ನಿಂತಿತು. ನಿಂತದ್ದು ಕೂಗಿಗಿಂತ ಕಷ್ಟವಾಗಿತ್ತು.

ಹನ್ನೆರಡಕ್ಕೆ ಕಿಸ್ಯೋವ್ ಬಂದ. ಚರ್ಮದ ಚೀಲ, ತೊಳೆದ ಶೂ, ಕೈಯಲ್ಲಿ ಚಾಕೊಲೇಟಿನ ಡಬ್ಬಿ.

"ನೋಡಿದ್ರಾ?" ಎಂದ ಕೂರುವ ಮೊದಲೇ. "ಬೆಳಗ್ಗೆ ಏಳಕ್ಕೇ ಬಂದು ಮುಗಿಸಿದೆ. ಏನು ಅಂಟು ಮಾರಾಯ್ರೆ ಅದು, ಅರ್ಧ ಬಾಟಲಿ ವಿನಿಗರ್ ಹೋಯ್ತು. ನಿಮ್ಮದು ಎಡಗಡೆದು, ಮುಟ್ಟಿಲ್ಲ."

"ಸತ್ತವರ ಹಾಳೆ ಕೀಳಬಾರ್ದು ಅಂತ ನಿಮ್ಮೂರಲ್ಲಿ ಯಾರೂ ಹೇಳಲ್ವಾ?"

ಅವನ ಮುಖ ಸ್ವಲ್ಪ ಬಾಡಿತು. "ನೀವೇ ಕೇಳಿದ್ರಲ್ಲ ಚಿಕ್ಕಮ್ಮ."

ಹೌದು, ತಾನೇ ಕೇಳಿದ್ದು. ಈ ಮನುಷ್ಯ ಕೆಟ್ಟವನಲ್ಲ. ಎದುರು ಕೂತವರು ಕೇಳಿದ್ದನ್ನು ಮಾಡುತ್ತಾನೆ. ಕಾಫಿ ಕುಡಿಸಿದವರ ಮಾತು ನಡೆಸುತ್ತಾನೆ. ಅವಳ ಕಾಫಿ ಕುಡಿದ ಹಾಗೆ ಮೇಲಿನ ಕಾಫಿಯನ್ನೂ ಕುಡಿದಿರುತ್ತಾನೆ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ.

"ಮೇಲಿನವ್ಳು ನಿಮ್ಮನ್ನ ಏನು ಕೇಳಿದ್ಲು?"

"ಅವರವರ ವಿಷಯ ಅವರವರಿಗೆ ಬಿಡೋದು ಒಳ್ಳೇದು," ಎಂದು ಕಿಸ್ಯೋವ್ ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದ. "ಇದು ನಿಮ್ಮದು. ಓದಿ ನೋಡಿ, ಎಲ್ಲಾ ಮಾಮೂಲಿ."

ಅವಳು ಕಾಗದ ಮುಟ್ಟಲಿಲ್ಲ. "ಇಲ್ಲೇ ಕೂತಿರಿ," ಎಂದು ಹೇಳಿ ಹೊರಗೆ ಬಂದು ಮೆಟ್ಟಿಲ ಬಳಿ ನಿಂತಳು. ನಾಲ್ಕೂವರೆ ವರ್ಷ ಹತ್ತದ ಮೆಟ್ಟಿಲು. ಹತ್ತಿ ಮೇಲಿನ ಬಾಗಿಲು ತಟ್ಟಿದಳು.

ಪಾವ್ಲೀನಾ ತೆರೆದಳು. ಕಣ್ಣು ಊದಿಕೊಂಡಿತ್ತು. ಒಳಗೆ ಬಾ ಅನ್ನಲಿಲ್ಲ, ಬಾಗಿಲನ್ನು ಮುಚ್ಚಲೂ ಇಲ್ಲ.

"ಕಿತ್ತಿದ್ದು ಅವನು," ಎಂದಳು ಝಿವ್ಕಾ. "ಕೀಳು ಅಂದಿದ್ದು ನಾನು."

"ಗೊತ್ತಿತ್ತು. ಬಿಸಿನೀರು ಕಾಯಿಸಿ, ಉಜ್ಜಿ, ಒರೆಸೋ ತಾಳ್ಮೆ ನಿನಗೆಲ್ಲಿದೆ. ನೀನಾಗಿದ್ರೆ ಪರಪರ ಹರಿದಿರ್ತಿದ್ದೆ." ಧ್ವನಿ ಬೆಳಗಿನ ಕೂಗಿಗೆ ಒಡೆದಿತ್ತು. "ಇದನ್ನ ಹೇಳೋಕೆ ಬಂದ್ಯಾ? ಇದಕ್ಕೂ ಎಂಟು ಗಂಟೆ ತಗೊಂಡಿಲ್ಲವಲ್ಲ, ಪರವಾಗಿಲ್ಲ."

"ನೀನು ಏನು ಕೇಳಿದೆ ಅವನನ್ನ?"

ಪಾವ್ಲೀನಾ ಅವಳ ಮುಖವನ್ನೇ ನೋಡಿದಳು. ಇಬ್ಬರೂ ಇಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿ ಎಷ್ಟೋ ಕಾಲವಾಗಿತ್ತು. ನಾದಿನಿಯ ತುಟಿಯ ಮೇಲೆ ಸುಕ್ಕು ಬಂದಿದೆ, ಬಲಗಣ್ಣಲ್ಲಿ ಪೊರೆ ಬರುತ್ತಿದೆ. ತನ್ನಲ್ಲಿ ಅವಳಿಗೆ ಏನು ಕಾಣುತ್ತಿದೆಯೋ.

"ಏಳನೇ ಕಲಂ ಓದು," ಎಂದಳು ಪಾವ್ಲೀನಾ.

"ಬಾಯಲ್ಲಿ ಹೇಳು."

"ಹೇಳ್ತೀನಿ, ನಂಗೇನು ಹೆದರಿಕೆ? ನಿನ್ನ ಐದು ವರ್ಷ ಬರೀ ಹೆಸರಿಗೆ. ಒಂದು ವರ್ಷ ಆದ್ಮೇಲೆ ಕೆಳಮನೆ ರಿಪೇರಿ ಅಂತ ನೆಪ ಹೇಳಿ, ಒಂದು ತಿಂಗಳ ನೋಟೀಸಲ್ಲಿ ನಿನ್ನ ಹೊರಗೆ ಹಾಕಬಹುದು. ನಾನೇ ಸೇರಿಸು ಅಂದೆ. ತಕ್ಷಣ ಆಗಲಿ ಅಂದ. ಒಳ್ಳೇ ಮನುಷ್ಯ."

"ನೀನು ವಾರ್ನಾಗೆ ಹೋಗೋಳು, ನಾನಿಲ್ಲಿ ಇದ್ರೆ ನಿಂಗೇನು?"

"ಯಾರು ಹೋಗೋದು? ಮೊದಲು ಹಾಗೆ ಅಂದಿದ್ದೆ. ಆಮೇಲೆ ಯೋಚನೆ ಮಾಡಿದೆ. ನಾನು ಸಮುದ್ರ ನೋಡ್ಕೊಂಡು ಕೂತಿರ್ಬೇಕು, ನೀನು ನಮ್ಮಪ್ಪನ ಮನೇಲಿ ಕಾಲು ಚಾಚ್ಕೊಂಡು ಇರ್ಬೇಕು? ನಾನೂ ಮಾರಿ, ಮೇಲಿನದನ್ನ ಬಾಡಿಗೆಗೆ ತಗೋತಿದೀನಿ. ಹತ್ತು ವರ್ಷಕ್ಕೆ. ನನ್ನ ಕರಾರಲ್ಲಿ ಏಳನೇ ಕಲಂ ಇಲ್ಲ."

ಝಿವ್ಕಾಗೆ ನಗು ಬರುವ ಹಾಗಾಯಿತು, ಬರಲಿಲ್ಲ. ಇವಳನ್ನು ತಲೆಯ ಮೇಲಿಂದ ಇಳಿಸಲೆಂದು ತಾನು ಮನೆ ಬಿಟ್ಟುಕೊಡಲು ಹೊರಟಳು. ತನ್ನನ್ನು ಕಾಲ ಕೆಳಗಿಂದ ತೆಗೆಯಲೆಂದು ಇವಳೂ ಅದನ್ನೇ ಮಾಡಿದಳು. ನಡುವೆ ಕೂತವನು ಇಬ್ಬರ ಕಾಫಿಯನ್ನೂ ಕುಡಿದ. ಸಹಿ ಹಾಕಿದ್ದರೆ ವರ್ಷ ಕಳೆಯುತ್ತಲೇ ತಾನು ಪೆಟ್ಟಿಗೆ ಕಟ್ಟಬೇಕಿತ್ತು, ಈಕೆ ಬಾಲ್ಕನಿಯಿಂದ ನೋಡುತ್ತಿದ್ದಳು, ಬೆಕ್ಕಿಗೆ ಏನೋ ಹೇಳುತ್ತಿದ್ದಳು.

"ಅವನಿಗೆ ಬೇಕಾದಾಗ ನಿನ್ನ ಕರಾರಿಗೂ ಒಂದು ಕಲಂ ಹುಟ್ಟುತ್ತೆ," ಎಂದಳು. "ಅವತ್ತು ಅವನ ಮುಂದೆ ಕೂತು ಕಾಫಿ ಕೊಡೋಳು ಬೇರೆ ಯಾರೋ ಇರ್ತಾಳೆ."

"ಅದು ನನ್ನ ಪಾಡು."

"ನಾನು ಮಾರಲ್ಲ."

ಪಾವ್ಲೀನಾಳ ಮುಖ ತಟ್ಟನೆ ಬಿಗಿಯಿತು. "ಅರ್ಧ ಅವನು ಕೊಳ್ಳಲ್ಲ."

"ಗೊತ್ತು."

"ಹಾಗಾದ್ರೆ ನನ್ನದೂ ಕಟ್ಟಿ ಹಾಕ್ತೀಯಾ? ನನ್ನ ಕಣ್ಣಿನ ಆಪರೇಷನ್ನು, ಹಲ್ಲು, ಎಲ್ಲಾ ಆ ದುಡ್ಡಲ್ಲಿ ಅಂತ ಇಟ್ಕೊಂಡಿದ್ದೆ. ಹೊಟ್ಟೆಕಿಚ್ಚಿನವಳು ನೀನು. ಸತ್ತ ಗಂಡನ ಸುದ್ದೀನೂ ಬಚ್ಚಿಟ್ಟೆ, ಈಗ ನನ್ನ ಪಾಲನ್ನೂ ಹಿಡ್ಕೊಂಡು ಕೂರ್ತೀಯಾ?"

"ಬಚ್ಚಿಡಲಿಲ್ಲ," ಎಂದಳು ಝಿವ್ಕಾ. "ಬಾಯಿ ಬರಲಿಲ್ಲ." ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು, ಹೇಳಿದ ಮೇಲೆ ಏನೂ ಹಗುರಾಗಲಿಲ್ಲ.

"ನಂಗೆ ಬೇಡ ನಿನ್ನ ಕಥೆ," ಎಂದು ಪಾವ್ಲೀನಾ ಬಾಗಿಲನ್ನು ಅರ್ಧ ಮುಚ್ಚಿದಳು. ಆದರೆ ಪೂರ್ತಿ ಮುಚ್ಚದೆ, ಸಂದಿಯ ಹಿಂದೆ ನಿಂತೇ ಇದ್ದಳು.

ಝಿವ್ಕಾ ಕೆಳಗಿಳಿದಳು. ಕಿಸ್ಯೋವ್ ಚಾಕೊಲೇಟ್ ಡಬ್ಬಿಯ ಪ್ಲಾಸ್ಟಿಕ್ ಬಿಚ್ಚಿ ಇಟ್ಟಿದ್ದ. ಅವಳು ನಿಂತೇ ಕಾಗದ ಎತ್ತಿ ಏಳನೇ ಕಲಂ ಓದಿದಳು. ಮೇಲಿನವಳು ಒಂದಕ್ಷರವೂ ಹೆಚ್ಚು ಕಡಿಮೆ ಹೇಳಿರಲಿಲ್ಲ.

"ಸೋಮವಾರ ನಾನು ಬರಲ್ಲ."

"ಒಂದು ಕಲಂಗೋಸ್ಕರ? ತೆಗೆದ್ರಾಯ್ತು. ಈಗ್ಲೇ ಗೀಟು ಎಳೀತೀನಿ." ಅವನು ಪೆನ್ನು ತೆಗೆದೂ ಬಿಟ್ಟ.

"ಎಳೀತೀರಿ. ಸಂಜೆ ಮೇಲೆ ಹೋಗಿ ಮತ್ತೆ ಬರೀತೀರಿ."

"ಚಿಕ್ಕಮ್ಮ, ನಾನು ಇಬ್ಬರಿಗೂ ಒಳ್ಳೇದಾಗ್ಲಿ ಅಂತ..."

"ಅದೇ ನಿಮ್ಮ ರೋಗ."

ಅವನು ಪೆನ್ನನ್ನು ಜೇಬಿಗೆ ಹಾಕಿದ. ಮೆತ್ತಗಿನ ದನಿ ಹೋಗಿಬಿಟ್ಟಿತ್ತು. "ಯೋಚನೆ ಮಾಡಿ ಹೇಳಿ. ಹತ್ತು ವರ್ಷ ಆದ್ಮೇಲೆ ಈ ಮನೆಗೆ ನಾನು ಹೇಳಿದ್ದರ ಅರ್ಧ ಬೆಲೆಯೂ ಬರಲ್ಲ. ನೀವಿಬ್ಬರೂ ಇದನ್ನ ತಿಂದು ಮುಗಿಸ್ತೀರಿ. ಊರವರೆಲ್ಲ ಹೇಳೋದು ಅದನ್ನೇ."

"ತಿನ್ತೀವಿ. ನಮ್ಮದು, ತಿನ್ತೀವಿ."

ಅವನು ಕಾಗದ ಮಡಿಸಿ, ಚಾಕೊಲೇಟ್ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋದ. ಹೊರಗೆ ಅಂಗಳದಲ್ಲಿ ನಿಂತು ಬಾಲ್ಕನಿಯ ಕಡೆ ನೋಡಿದ್ದು ಝಿವ್ಕಾಗೆ ಕಿಟಕಿಯಿಂದ ಕಂಡಿತು, ಪಾವ್ಲೀನಾ ಅವನಿಗೆ "ಹೋಗಪ್ಪಾ, ಹೋಗು, ನಿನ್ನ ಕೈಯಲ್ಲಿ ಏನಾಗುತ್ತೆ" ಎಂದದ್ದೂ ಕೇಳಿಸಿತು. ಹೆಬ್ಬಾಗಿಲು ಮುಚ್ಚಿತು. ಕಾರು ಹೊರಟಿತು.

ಅವಳು ಅಂಗಳಕ್ಕೆ ಬಂದಳು. ಮೇಲೆ ಪಾವ್ಲೀನಾ ಕಟಕಟೆಗೆ ಒರಗಿ ಕೆಳಗೆ ನೋಡುತ್ತಿದ್ದಳು. ಬೆಕ್ಕು ಎಲ್ಲೂ ಕಾಣಲಿಲ್ಲ, ಇಬ್ಬರೂ ಅದನ್ನು ಹುಡುಕಲೂ ಇಲ್ಲ.

"ನೀನು ಹೋಗ್ತೀಯ ಅಂತ ಸಂತೋಷವಾಗಿತ್ತು," ಎಂದಳು ಝಿವ್ಕಾ. "ಹತ್ತು ದಿನ ಸಂತೋಷವಾಗಿದ್ದೆ ನಾನು."

"ನಂಗೆ ಹದಿನಾಲ್ಕು ದಿನ," ಎಂದಳು ಪಾವ್ಲೀನಾ. "ನನ್ನನ್ನ ಮೊದಲು ಕೇಳಿದ್ದ."

"ನೀನು ಸಾಯೋವರೆಗೂ ನಾನು ಇಲ್ಲೇ ಇರ್ತೀನಿ, ತಿಳ್ಕೋ."

"ನಾನೇನು ಬೇಗ ಸಾಯೋಳಲ್ಲ. ನಮ್ಮಮ್ಮ ತೊಂಬತ್ತಾರರವರೆಗೆ ಇದ್ಲು."

"ಗೊತ್ತು. ಕೊನೇ ಆರು ವರ್ಷ ಅವರನ್ನ ತೊಳೆದೋಳು ನಾನು."

ಪಾವ್ಲೀನಾ ಒಳಗೆ ಹೋಗಿ ಬಾಲ್ಕನಿಯ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಗಾಜು ಅದುರಿತು. ಝಿವ್ಕಾ ಅದುರುವುದು ನಿಲ್ಲುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಮನೆಯೊಳಗೆ ಹೋಗಿ, ಹತ್ತು ದಿನದಿಂದ ಗೋಡೆಗೆ ಒರಗಿಸಿಟ್ಟಿದ್ದ ಕನ್ನಡಿಯ ಪಕ್ಕದಿಂದ ಸುತ್ತಿಗೆ ಎತ್ತಿಕೊಂಡಳು. ಯಾರನ್ನೂ ಕೇಳದೆ, ಮೇಲಿನವಳಿಗೆ ಕೇಳಿಸಲೆಂದೇ, ಒಂದೊಂದು ಏಟಿಗೂ ಬಿಡುವು ಕೊಟ್ಟು ಮೊಳೆ ಹೊಡೆಯತೊಡಗಿದಳು.